ಸುತ್ತುವ ಮೊದಲು ಖಲಾಸ್ ಹೇಳಬೇಡ

ಬಂದಿದೆ! ಎಲ್ಲ ಬಂದಿದೆ! ಮೂವತ್ತಾರರ ರೀಲಿನಲ್ಲಿ ಮೂವತ್ತೇಳು ಫೋಟೋ ಬಂದಿದೆ. ಸತ್ತುಹೋದ ಕ್ಯಾಮರಾದ ಹೊಟ್ಟೆಯಿಂದ ನಾನು ಕೈಯಾರೆ ಹೊರಗೆ ತೆಗೆದ ಇನ್ನೊಂದು ರೀಲಿನಲ್ಲಿ ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಬಂದಿದೆ. ಇವತ್ತು ಬೆಳಿಗ್ಗೆ ಮದುಮಗಳ ತಾಯಿಯೇ ಫೋನು ಮಾಡಿ ಹೇಳಿದರು. ನನ್ನ ಮೊಮ್ಮಗಳ ಕೆಲಸ ಉಳಿಯಿತು. ಉಳಿಯುವುದು ಎಂತ, ಕಾಯಂ ಆಯಿತು! ಸ್ಟುಡಿಯೋದ ಮೇಡಂ ಮಧ್ಯಾಹ್ನದೊಳಗೆ ಅವಳನ್ನು ಕರೆದು, ಇನ್ನು ರೀಲಿನ ಮದುವೆ ಎಷ್ಟು ಬಂದರೂ ಅದು ನಿನ್ನದೇ ಎಂದರಂತೆ. ಹುಡುಗಿ ಅಡುಗೆಮನೆಗೆ ಓಡಿಬಂದು ನನ್ನನ್ನು ಎತ್ತಿ ತಿರುಗಿಸಲು ನೋಡಿದಳು. ನಾನು ಎಪ್ಪತ್ತೊಂದು ವರ್ಷದ ದಪ್ಪ ಹೆಂಗಸು, ಏಳಲಿಲ್ಲ. ಇಬ್ಬರೂ ಫ್ರಿಜ್ಜಿಗೆ ಒರಗಿ ನಕ್ಕೆವು, ಅತ್ತೆವು, ಮತ್ತೆ ನಕ್ಕೆವು.

ರಾತ್ರಿ ಊಟ ಮುಗಿಸಿ ಆ ಬಿಸಿಯಲ್ಲೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು, ಊರಿನ ಇಗರ್ಜಿಯ ಪಕ್ಕದ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕೊಂಕಣಿ, ಬರೆಯಲಿಕ್ಕೆ ಕನ್ನಡ, ಅಂಗಡಿಗೆ ಹಿಂದಿ, ಮದುವೆ ಮನೆಗೆ ನನ್ನ ಹರಕು ಅರಬಿ. ಅರಬರ ನಾಡಿನ ಸೊಹಾರಿನ ಈ ಫ್ಲ್ಯಾಟಿನಲ್ಲಿ ಮಗಳು, ಅಳಿಯ, ಮೊಮ್ಮಗಳು, ನಾನು, ನಾಲ್ಕೇ ಜನ. ಮೂವರೂ ನನ್ನನ್ನು ಮಾಂಯ್ ಎಂದೇ ಕರೆಯುವುದು. ಅಮ್ಮ ಎಂಬ ಮಾತು ಅದು, ಮಗಳಿಂದ ಉಳಿದಿಬ್ಬರಿಗೂ ಅಂಟಿತು. ತಪ್ಪು ಬರೆದರೆ ನಾಲ್ಕು ಜನ ನಗಲಿ. ಇಷ್ಟು ದಿನ ನನ್ನ ಕ್ಯಾಮರಾವನ್ನು ನೋಡಿ ನಗಲಿಲ್ಲವಾ?

ಆ ಕ್ಯಾಮರಾದ ಬಗ್ಗೆ ಹೇಳುತ್ತೇನೆ. ಸೆಲ್ಲಿಲ್ಲದ ಕ್ಯಾಮರಾ ಅದು. ಎಲ್ಲ ಸ್ಪ್ರಿಂಗು, ಹಲ್ಲಿನ ಚಕ್ರ, ಲಿವರು. ಎತ್ತಿದರೆ ಅರ್ಧ ತೆಂಗಿನಕಾಯಿಯಷ್ಟು ಭಾರ. ಒಳಗೆ ಬೆಳಕು ಅಳೆಯುವ ಒಂದು ಮುಳ್ಳಿತ್ತು, ಅದೊಂದಕ್ಕೆ ಮಾತ್ರ ಗುಂಡಿಯಂಥ ಸೆಲ್ ಬೇಕಿತ್ತು. ಮುಳ್ಳು ಸತ್ತು ಎಷ್ಟೋ ವರ್ಷವಾಯಿತು. ಕ್ಯಾಮರಾಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ.

ನನ್ನ ಗಂಡ ಇದೇ ನಾಡಿನ ಬುರೈಮಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಮದುವೆಗಳಲ್ಲಿ ಹೆಂಗಸರ ಹಾಲ್ ಬೇರೆ, ಗಂಡಸರ ಹಾಲ್ ಬೇರೆ. ಹೆಂಗಸರ ಹಾಲಿಗೆ ಗಂಡಸು ಕಾಲಿಡುವ ಹಾಗಿಲ್ಲ. ಹಾಗಾದರೆ ಮದುಮಗಳ ಫೋಟೋ ತೆಗೆಯುವವರು ಯಾರು? ನಾನು. ಪಾಸ್‌ಪೋರ್ಟಿನ ಹೆಸರನ್ನೂ ಸರಿಯಾಗಿ ಓದಲಾಗದಿದ್ದ ನನ್ನನ್ನು ಅವರು ಕೂರಿಸಿ ಕಲಿಸಿದರು. ಇಂಗ್ಲಿಷ್ ಬಾರದಿದ್ದರೆ ಬೇಡ, ಅಂಕಿ ಬರುತ್ತದಲ್ಲ ಎಂದರು. ಫ್ಲ್ಯಾಶ್ ಹಾಕಿದಾಗ ಆರು ಹೆಜ್ಜೆ ದೂರಕ್ಕೆ ಲೆನ್ಸಿನ ಬಳೆಯಲ್ಲಿ ಎಂಟು, ನಾಲ್ಕು ಹೆಜ್ಜೆಗೆ ಹನ್ನೊಂದು. ಅಷ್ಟು ಬಾಯಿಪಾಠ ಮಾಡಿ ಹೊರಟೆ. ಉಳಿದದ್ದನ್ನು ಕಿವಿಯಿಂದ ಕಲಿತೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಶಟರ್ ತೆರೆದು, ಒಳಗೆ ಜಿರ್ರ್ ಎಂದು ಚಕ್ರ ತಿರುಗಿ, ಮತ್ತೆ ಮುಚ್ಚುತ್ತದೆ. ಅಷ್ಟರಲ್ಲಿ ನಾವು ನಮ್ಮ ಮೀನುಸಾರಿನ ಹೆಸರು, “ಬಂಗುಡೆ ಗಸಿ” ಎಂದು ಒಮ್ಮೆ ಹೇಳಿ ಮುಗಿಸಬೇಕು. ಹೇಳಿ ಮುಗಿದ ಮೇಲೂ ಶಟರ್ ಮುಚ್ಚದಿದ್ದರೆ ಒಳಗಿನ ಎಣ್ಣೆ ದಪ್ಪವಾಗಿದೆ, ಸರ್ವಿಸ್ ಬೇಕು ಎಂದು ಲೆಕ್ಕ. ಅವರು ತೀರಿಹೋಗಿ ಎಷ್ಟೋ ವರ್ಷವಾದರೂ ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ನಾನು ಕ್ಯಾಮರಾವನ್ನು ಅದರ ಬೈರಾಸು ಟವೆಲಿನಿಂದ ಬಿಚ್ಚುತ್ತೇನೆ. ಕ್ಲಿಕ್, ಬಂಗುಡೆ ಗಸಿ. ಕ್ಲಿಕ್, ಬಂಗುಡೆ ಗಸಿ. ಆಮೇಲೆ ಸ್ಪ್ರಿಂಗ್ ಬಿಗಿದಿಡದೆ ಸಡಿಲ ಬಿಟ್ಟು ಮತ್ತೆ ಸುತ್ತಿಡುತ್ತೇನೆ.

ಮೊಮ್ಮಗಳು ಬೇರೆ ಕಾಲದವಳು. ಅವಳದ್ದು ರೀಲಿನ ಕ್ಯಾಮರಾವೇ, ಆದರೆ ಎಲೆಕ್ಟ್ರಾನಿಕ್. ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ತರಿಸಿದ್ದು. ರೀಲು ಹಾಕಿ ಬಾಗಿಲು ಮುಚ್ಚಿದರೆ ಅದೇ ಎಳೆದುಕೊಳ್ಳುತ್ತದೆ. ಒತ್ತಿದರೆ ಅದೇ ಬೆಳಕು ನೋಡುತ್ತದೆ, ಅದೇ ಮುಂದೆ ಸರಿಸುತ್ತದೆ, ಮುಗಿದರೆ ಅದೇ ಹಿಂದಕ್ಕೆ ಸುತ್ತಿಕೊಂಡು ರೀಲನ್ನು ಡಬ್ಬಿಯೊಳಗೆ ಸೇರಿಸುತ್ತದೆ. ಮೇಲೆ ಚಿಕ್ಕ ಪರದೆಯಲ್ಲಿ ಅಂಕಿಗಳು. ಚಂದದ್ದು, ಇಲ್ಲ ಎನ್ನುವುದಿಲ್ಲ.

ಆರು ವಾರದ ಹಿಂದೆ ಅವಳು ಸೊಹಾರಿನ ಹೆಂಗಸರ ಸ್ಟುಡಿಯೋಕ್ಕೆ ಸೇರಿದಳು. ಮೂರು ತಿಂಗಳು ಟ್ರಯಲ್. ಅಲ್ಲಿಯ ಮೇಡಂ, ಇದೇ ಊರಿನವರು, ಮಾತು ಕಡಿಮೆ, ಕಣ್ಣು ಚುರುಕು. ಸ್ಟುಡಿಯೋದಲ್ಲಿ ಇರುವುದೆಲ್ಲ ಡಿಜಿಟಲ್. ಒಂದು ಮನೆಯವರು ಬಂದು, ನಮ್ಮ ಮಗಳ ಮೆಹಂದಿಗೆ ರೀಲೇ ಆಗಬೇಕು ಎಂದರು. ಫೈಲ್ ಆದರೆ ಯಾವ ಫೋನಿನಿಂದ ಯಾವ ಫೋನಿಗೆ ಹೋಗುತ್ತದೆ ಯಾರಿಗೆ ಗೊತ್ತು? ರೀಲಾದರೆ ತಾಯಿಯ ಕೈಯಲ್ಲಿರುತ್ತದೆ. ಹಿಂದೆ ಬುರೈಮಿಯಲ್ಲೂ ಕೆಲವು ಮನೆಗಳಲ್ಲಿ ಹಾಗೆಯೇ ಇತ್ತು. ಫೋಟೋ ತೆಗೆದು ಮುಗಿದ ಕೂಡಲೇ, ಅಲ್ಲೇ, ಹಾಲಿನಲ್ಲೇ, ರೀಲು ಮದುಮಗಳ ತಾಯಿಯ ಕೈಗೆ ಕೊಡಬೇಕು. ಅವರೇ ಲ್ಯಾಬಿಗೆ ಒಯ್ದು, ಎದುರು ನಿಂತು ತೊಳೆಸಿ, ನೆಗೆಟಿವ್ ಸಮೇತ ಮನೆಗೆ ತಂದು ಕಪಾಟಿನಲ್ಲಿ ಬೀಗ ಹಾಕುತ್ತಾರೆ. ನಾವು ತೆಗೆದ ಫೋಟೋವನ್ನು ನಾವು ನೋಡುವುದಿಲ್ಲ.

ಮೇಡಂ ಮೊಮ್ಮಗಳಿಗೆ ಹೇಳಿದ್ದು ಒಂದೇ ಮಾತು. “ನಿನ್ನ ಹತ್ತಿರ ರೀಲಿನ ಕ್ಯಾಮರಾ ಉಂಟು, ನೀನೇ ಹೋಗು. ಆದರೆ ಮದುವೆ ಎರಡು ಸಲ ಆಗುವುದಿಲ್ಲ. ರೀಲು ಹಾಳಾದರೆ ಖಲಾಸ್, ನಾಳೆಯಿಂದ ಬರಬೇಡ.”

ಆ ಸಂಜೆ ಊಟದ ಮೇಜಿನಲ್ಲಿ ಯುದ್ಧವೇ ಆಯಿತು. ನನ್ನ ಅಳಿಯ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಟೆಕ್ನಿಷಿಯನ್. ಕಂಪನಿ ಬಸ್ಸಿನಿಂದ ಇಳಿದು ಮನೆಗೆ ಬಂದರೂ ಅವನ ಬಾಯಲ್ಲಿ ಮೋಟರು, ಸೆನ್ಸರು. ಬಂಗಾರದಂಥ ಹುಡುಗ, ಆದರೆ ವಾದಕ್ಕೆ ಕೂತರೆ ಬಿಡುವವನಲ್ಲ.

“ಎರಡು ಕ್ಯಾಮರಾ ತೆಗೆದುಕೊಂಡು ಹೋಗು ಬಾಯೆ,” ಎಂದೆ ನಾನು. “ನನ್ನದನ್ನೂ ಇಟ್ಟುಕೋ.”

“ಮಾಂಯ್, ಇಟ್ಸ್ ಓಕೆ. ಮೈನ್ ಇಸ್ ಫೈನ್,” ಎಂದಳು ಮೊಮ್ಮಗಳು. ಅವಳಿಗೆ ನಾನು ಕೊಂಕಣಿಯಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ.

ಅಳಿಯ ನಗುತ್ತಾ, “ನಿಮ್ಮ ಕ್ಯಾಮರಾವನ್ನು ಶೋಕೇಸಿನಲ್ಲಿ ಇಡಿ ಮಾಂಯ್. ಅದಕ್ಕೂ ರೆಸ್ಟ್ ಬೇಡವಾ? ಸ್ಪ್ರಿಂಗ್ ಕೂಡ ದಣಿಯುತ್ತದೆ. ಗೇರು ಸವೆಯುತ್ತದೆ. ಎಲೆಕ್ಟ್ರಾನಿಕ್‌ನಲ್ಲಿ ಓಡಾಡುವ ಪಾರ್ಟೇ ಕಡಿಮೆ. ಕಡಿಮೆ ಪಾರ್ಟ್, ಕಡಿಮೆ ರಿಪೇರಿ,” ಎಂದ.

“ಹೌದಾ? ಹೋದ ವರ್ಷ ನಮ್ಮ ವಾಷಿಂಗ್ ಮೆಷಿನಿನ ಬೋರ್ಡು ಹೋದಾಗ ನೀನು ರಿಪೇರಿ ಮಾಡಿದೆಯಾ?”

“ಅದು... ಆ ಬೋರ್ಡು ಸಿಗಲಿಲ್ಲ.”

“ಅದನ್ನೇ ನಾನು ಹೇಳುವುದು ಮಾರಾಯ. ನನ್ನ ಕ್ಯಾಮರಾದ ಬಾಗಿಲಿನ ಕಪ್ಪು ಸ್ಪಂಜು ಈ ಊರಿನ ಸೆಕೆಗೆ ಕರಗಿ ಅಂಟಾದಾಗ ನಾನು ಎಂತ ಮಾಡಿದೆ? ಕೆರೆದು ತೆಗೆದು ಕಪ್ಪು ಉಲ್ಲನ್ ನೂಲು ಕೂರಿಸಿದೆ. ಇವತ್ತಿನವರೆಗೆ ಒಂದು ಸಾಸಿವೆಯಷ್ಟು ಬೆಳಕು ಒಳಗೆ ಹೋಗಲಿಲ್ಲ. ನಿನ್ನ ಬೋರ್ಡಿಗೆ ಉಲ್ಲನ್ ಕೂರಿಸು ನೋಡುವ.”

ಮಗಳು ಅನ್ನ ಬಡಿಸುತ್ತಾ, “ಇಬ್ಬರೂ ಸಾಕು ಮಾಡಿ, ಮೀನು ತಣಿಯುತ್ತದೆ,” ಎಂದಳು.

ಆದರೆ ಅಳಿಯನ ಕೈಯಲ್ಲಿ ಇನ್ನೊಂದು ಕಲ್ಲಿತ್ತು. ಮೆಲ್ಲಗೆ ಎಸೆದ. “ಒಂದು ಕೇಳುತ್ತೇನೆ ಮಾಂಯ್, ಬೇಜಾರು ಮಾಡಬೇಡಿ. ಅವತ್ತು ಬುರೈಮಿಯಲ್ಲಿ ನಿಮ್ಮ ಕೈಯಲ್ಲಿ ಎಲೆಕ್ಟ್ರಾನಿಕ್ ಇದ್ದಿದ್ದರೆ ಆ ರೀಲು ಉಳಿಯುತ್ತಿತ್ತು, ಅಲ್ವಾ?”

ನಾನು ಮೀನಿನ ಮುಳ್ಳು ಬಿಡಿಸತೊಡಗಿದೆ. ಅವನು ಹೇಳಿದ್ದು ನಿಜ.

ಅವತ್ತಿನದ್ದು ಹೇಳಿಬಿಡುತ್ತೇನೆ. ಬುರೈಮಿಯಲ್ಲಿ ನನ್ನ ಮೂರನೆಯದೋ ನಾಲ್ಕನೆಯದೋ ಮದುವೆ. ರೀಲು ಕೊನೆಗೆ ಬಂತು, ಲಿವರ್ ನಿಂತಿತು. ನನ್ನಂಥ ಕ್ಯಾಮರಾದಲ್ಲಿ ಆಗ ಏನು ಮಾಡಬೇಕು? ಅಡಿಯ ಗುಂಡಿ ಒತ್ತಿ, ಮೇಲಿನ ಚಿಕ್ಕ ಹಿಡಿ ತಿರುಗಿಸಿ, ಅಷ್ಟೂ ರೀಲನ್ನು ಕೈಯಿಂದಲೇ ಹಿಂದಕ್ಕೆ ಡಬ್ಬಿಯೊಳಗೆ ಸುತ್ತಬೇಕು. ಸುತ್ತುವವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ಮದುಮಗಳ ತಾಯಿ ಪಕ್ಕದಲ್ಲೇ ನಿಂತು “ಖಲಾಸ್?” ಎಂದು ಕೇಳಿದರು. ಮುಗಿಯಿತಾ ಎಂದು. ನನಗೆ ಬರುತ್ತಿದ್ದ ಅರಬಿ ಅಷ್ಟೇ. ರೀಲು ಮುಗಿದಿದೆ ಎಂಬ ಅರ್ಥದಲ್ಲಿ ನಾನೂ “ಖಲಾಸ್” ಎಂದೆ. ಅವರಿಗೆ ಅದು ಎಲ್ಲ ಮುಗಿಯಿತು, ಇನ್ನು ತೆಗೆದುಕೊಳ್ಳಬಹುದು ಎಂದು ಕೇಳಿಸಿತು. ಹಿಂದಿನ ಮದುವೆಗಳಲ್ಲಿ ಬೇರೆ ಫೋಟೋದವಳ ಆಟೋಮ್ಯಾಟಿಕ್ ಕ್ಯಾಮರಾ ನೋಡಿದ್ದವರು. ಮುಗಿದರೆ ತಾನೇ ಸುತ್ತಿಕೊಳ್ಳುತ್ತದೆ ಎಂದು ಗೊತ್ತು. ನಾನು ಕ್ಯಾಮರಾವನ್ನು ಮೇಜಿನ ಮೇಲಿಟ್ಟು, ಬಿಚ್ಚಿದ ಫ್ಲ್ಯಾಶನ್ನು ಚೀಲಕ್ಕೆ ಹಾಕುತ್ತಿದ್ದೆ. ತಿರುಗುವಷ್ಟರಲ್ಲಿ ಅವರು ಕ್ಯಾಮರಾದ ಬಾಗಿಲು ತೆರೆದಾಗಿತ್ತು. ರೀಲು ಟ್ಯೂಬ್‌ಲೈಟಿನ ಕೆಳಗೆ ಹೊಳೆಯಿತು.

ಅವರು ಬೈಯಲಿಲ್ಲ. ನನ್ನ ಮುಖ ನೋಡಿ “ಮಾಫಿ ಮುಷ್ಕಿಲ್” ಎಂದರು. ತೊಂದರೆ ಇಲ್ಲ ಎಂದು. ಆಮೇಲೆ ಹೋಗಿ ಮಗಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಬೈದಿದ್ದರೆ ನಾನು ಮರೆಯುತ್ತಿದ್ದೆ. ಗಂಡನೂ ಬೈಯಲಿಲ್ಲ. ಆ ಹಾಳಾದ ರೀಲನ್ನೇ ಕೊಟ್ಟು, ಹಾಕು, ಸುತ್ತು, ತೆಗೆ ಎಂದರು. ಒಂದು ವಾರ, ಕಣ್ಣು ಮುಚ್ಚಿ, ಕತ್ತಲೆಯಲ್ಲಿ, ಬೆನ್ನ ಹಿಂದೆ ಕೈ ಇಟ್ಟುಕೊಂಡು. ರೀಲಿನ ಅಂಚಿನ ತೂತುಗಳು ನನ್ನ ಬೆರಳಿಗೆ ಜಪಮಾಲೆಯ ಮಣಿಗಳ ಹಾಗೆ ಪಾಠವಾದವು. ಅಂದಿನಿಂದ ಸುತ್ತಿ ಮುಗಿಯುವವರೆಗೆ ನನ್ನ ಬಾಯಿಂದ ಆ ಮಾತು ಬಂದಿಲ್ಲ.

ಹಾಗಾಗಿ ಅಳಿಯನಿಗೆ ಉತ್ತರವನ್ನು ಬಾಕಿ ಇಟ್ಟೆ. ಆದರೆ ಮೆಹಂದಿಯ ದಿನ, ಫ್ಲ್ಯಾಶ್ ಹಿಡಿಯಲಿಕ್ಕೆ ಒಂದು ಜನ ಬೇಕಲ್ಲ ಎಂದು ಹೇಳಿ ಮೊಮ್ಮಗಳ ಜೊತೆ ಸ್ಟುಡಿಯೋದ ಕಾರು ಹತ್ತಿದೆ. ಬೈರಾಸಿನಲ್ಲಿ ಸುತ್ತಿದ ಕ್ಯಾಮರಾ ನನ್ನ ಕೈಚೀಲದ ಅಡಿಯಲ್ಲಿತ್ತು. ರೀಲನ್ನೂ ಹಾಕಿದ್ದೆ, ನನ್ನ ಜಿಪುಣ ಪದ್ಧತಿಯಲ್ಲಿ. ಶುರುವಿಗೆ ಎಲ್ಲರೂ ಮೂರು ಸಲ ಖಾಲಿ ಒತ್ತುತ್ತಾರೆ, ನಾನು ಎರಡೇ ಸಲ. ಒಂದು ಫೋಟೋ ಉಳಿಯುತ್ತದೆ.

ಮಧ್ಯಾಹ್ನ ಮೂರೂವರೆ. ಸಮುದ್ರದ ಪಕ್ಕದ ಹಳ್ಳಿ, ಸೆಕೆ ಎಂದರೆ ಗಾಳಿಯನ್ನು ಹಿಂಡಿದರೆ ನೀರು ಬರುವ ಹಾಗೆ. ಹುಡುಗಿ ಕ್ಯಾಮರಾ ಬಿಸಿಯಾಗಬಾರದು ಎಂದು ದಾರಿಯುದ್ದಕ್ಕೂ ಅದನ್ನು ಏಸಿಯ ಬಾಯಿಗೇ ಹಿಡಿದು ಕೂತಿದ್ದಳು.

“ಅಷ್ಟು ತಣ್ಣಗೆ ಮಾಡಬೇಡ ಬಾಯೆ. ಇಳಿದ ಕೂಡಲೇ ಬೆವರುತ್ತದೆ.”

“ಕ್ಯಾಮರಾ ಡಸಂಟ್ ಸ್ವೆಟ್, ಮಾಂಯ್!”

ಇಳಿದೆವು. ನನ್ನ ಕನ್ನಡಕ ಒಂದೇ ಕ್ಷಣದಲ್ಲಿ ಬೆಳ್ಳಗಾಯಿತು. ಅವಳ ಕ್ಯಾಮರಾದ ಮೈತುಂಬ ಹನಿಗಳು. ಒರೆಸಿದಳು. ಪರದೆಯ ಅಂಕಿಗಳು ಒಮ್ಮೆ ಮಂಕಾಗಿ ಮತ್ತೆ ಬಂದವು. “ಸೀ? ಫೈನ್,” ಎಂದಳು. ನಾನು ನನ್ನ ಕನ್ನಡಕ ಒರೆಸಿಕೊಂಡೆ.

ಹಾಲಿನ ಬಾಗಿಲಲ್ಲಿ ಒಬ್ಬಳು ಕೂತು ಬಂದವರೆಲ್ಲರ ಫೋನಿನ ಕಣ್ಣಿಗೆ ಬಣ್ಣದ ಸ್ಟಿಕರ್ ಅಂಟಿಸುತ್ತಿದ್ದಳು. ಒಳಗೆ ಹೋದ ಹೆಂಗಸರು ಬುರ್ಖಾದಂಥ ಕಪ್ಪು ಅಬಾಯ ಬಿಚ್ಚಿ ಸಾಲಾಗಿ ನೇತುಹಾಕಿದ್ದರು. ಆ ಕಪ್ಪಿನ ಒಳಗಿನಿಂದ ಹೊರಗೆ ಬಂದ ಬಣ್ಣಗಳನ್ನು ನೋಡಬೇಕು! ಮದುಮಗಳು ಹಸಿರು ಉಡುಪಿನಲ್ಲಿ, ಕೈಗೆ ಮೆಹಂದಿ ಹಾಕಿಸಿಕೊಳ್ಳುತ್ತಾ, ನಗು ತಡೆಯಲಾರದೆ ಕೂತಿದ್ದಳು. ತಾಯಿ ಉದ್ದದ ಹೆಂಗಸು, ಬಂಗಾರದ ಬಳೆ ಎಷ್ಟಿತ್ತೆಂದರೆ ಕೈ ಎತ್ತಿದಾಗಲೆಲ್ಲ ಅಂಗಡಿ ಶಟರ್ ಎಳೆದ ಹಾಗೆ ಸದ್ದು. ನನ್ನನ್ನು “ಯಾ ಖಾಲಾ”, ಚಿಕ್ಕಮ್ಮಾ ಎಂದು ಕರೆದು ಖರ್ಜೂರ, ಕಹ್ವಾ ಕಾಫಿ ಕೊಟ್ಟರು.

ಮೊಮ್ಮಗಳು ಶುರು ಮಾಡಿದಳು. ಚೆನ್ನಾಗಿ ಮಾಡಿದಳು, ನಾನು ಸುಳ್ಳು ಹೇಳುವುದಿಲ್ಲ. ಕ್ಯಾಮರಾ ಝುಂಯ್ ಝುಂಯ್ ಎಂದು ತಾನೇ ರೀಲು ಸರಿಸುತ್ತಿತ್ತು. ನಾನು ಫ್ಲ್ಯಾಶ್ ಹಿಡಿದು ಎಣಿಸುತ್ತಿದ್ದೆ, ಅದು ನನ್ನ ಹಳೇ ಚಟ. ಇಪ್ಪತ್ತೊಂದು. ಇಪ್ಪತ್ತೆರಡು. ಅಜ್ಜಿಯೊಬ್ಬರು ಮದುಮಗಳ ಹಣೆಗೆ ಮುತ್ತು ಕೊಡಲು ಬಾಗಿದರು. ಹುಡುಗಿ ಒತ್ತಿದಳು. ಸದ್ದಿಲ್ಲ.

ಮತ್ತೆ ಒತ್ತಿದಳು. ಪರದೆ ಖಾಲಿ. ಸೆಲ್ ಬದಲಿಸಿದಳು, ಹೊಸದು, ಪ್ಯಾಕೆಟ್ ಒಡೆದು. ಖಾಲಿ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿದಳು, ಆಗ ಅವಳ ಬಾಯಲ್ಲಿ ಇಂಗ್ಲಿಷ್ ಇರಲಿಲ್ಲ. ಕೊಂಕಣಿಯಲ್ಲಿ, ಚಿಕ್ಕ ಮಗುವಿನ ಹಾಗೆ, “ಮಾಂಯ್, ಸತ್ತುಹೋಯಿತು,” ಎಂದಳು. “ರೀಲು ಒಳಗೇ ಉಂಟು. ಹಿಂದೆ ಸುತ್ತುವುದಿಲ್ಲ. ತೆರೆದರೆ ಎಲ್ಲ ಹೋಗುತ್ತದೆ. ಹೇಗೆ ಕೊಡುವುದು ಮಾಂಯ್ ಅವರಿಗೆ?”

ಎದುರು ಮದುಮಗಳ ತಾಯಿ. ಅವರಿಗೆ ಏನೋ ಆಗಿದೆ ಎಂದು ಗೊತ್ತಾಗಿತ್ತು. ಬಳೆಗಳು ಸುಮ್ಮನಾಗಿದ್ದವು. ನನಗೆ ಬುರೈಮಿಯ ಆ ತಾಯಿಯ ಮುಖವೇ ಕಂಡಿತು. ಇನ್ನೊಮ್ಮೆ ಒಬ್ಬ ತಾಯಿಯ ಬಾಯಿಂದ “ಮಾಫಿ ಮುಷ್ಕಿಲ್” ಕೇಳಲು ನಾನು ತಯಾರಿರಲಿಲ್ಲ. ಇಲ್ಲ. ಈ ಸಲ ಇಲ್ಲ.

ಬೈರಾಸು ಬಿಚ್ಚಿ ನನ್ನ ಕ್ಯಾಮರಾವನ್ನು ಹುಡುಗಿಯ ಕೈಗೆ ಕೊಟ್ಟೆ. ಬಂದಾಗಿನಿಂದ ಹಾಲಿನೊಳಗೇ ಇದ್ದದ್ದು, ಮೈಯೆಲ್ಲ ಒಣಗಿತ್ತು. ಫ್ಲ್ಯಾಶನ್ನು ಅದಕ್ಕೇ ಸಿಕ್ಕಿಸಿದೆ. “ಆರು ಹೆಜ್ಜೆಗೆ ಎಂಟು. ನಾಲ್ಕಕ್ಕೆ ಹನ್ನೊಂದು. ಪ್ರತಿ ಸಲ ಲಿವರ್ ಎಳೆ. ಅಜ್ಜಿಗೆ ಇನ್ನೊಮ್ಮೆ ಮುತ್ತು ಕೊಡಲಿಕ್ಕೆ ಹೇಳು. ಯಲ್ಲಾ, ಹೋಗು.”

“ನಾನು ಇದರಲ್ಲಿ ಯಾವತ್ತೂ...”

“ಹೋಗು ಪುತಾ!”

ಆಮೇಲೆ ತಾಯಿಯ ಹತ್ತಿರ ಹೋಗಿ ನನ್ನ ಹರಕು ಅರಬಿಯಲ್ಲಿ ನೇರ ಹೇಳಿದೆ. ಈ ಕ್ಯಾಮರಾ ಸತ್ತಿದೆ. ಒಳಗೆ ನಿಮ್ಮ ಮಗಳು ಇದ್ದಾಳೆ. ನಾನು ಹೊರಗೆ ತರುತ್ತೇನೆ. ನನಗೆ ನಾಲ್ಕು ಅಬಾಯ ಬೇಕು.

“ಅಬಾಯ?” ಎಂದರು ಅವರು. “ಅಬಾಯ,” ಎಂದೆ. “ದಪ್ಪದ್ದು. ಕಪ್ಪು, ಪೂರ್ತಿ ಕಪ್ಪು. ಮಣಿ, ಜರಿ ಬೇಡ.”

ಹೆಂಗಸರು ನಗುತ್ತಾ ಓಡಿದರು. ನಾಲ್ಕು ಕೇಳಿದರೆ ಏಳು ಬಂತು. ಹಾಲಿನ ದೂರದ ಮೂಲೆಯಲ್ಲಿ, ದೀಪ ಆರಿಸಿ, ನಾನು ನೆಲದ ಮೇಲೆ ಚಕ್ಕಳಮಕ್ಕಳ ಕೂತೆ. ಒಂದು ಅಬಾಯದ ಮಡಿಲಲ್ಲಿ ಕ್ಯಾಮರಾ ಇಟ್ಟು, ಕುತ್ತಿಗೆ, ಅಂಚು ಎಲ್ಲ ಮಡಚಿ ಸೇಫ್ಟಿ ಪಿನ್ ಹಾಕಿ, ಎರಡೂ ತೋಳಿನ ಹೊರಬದಿಯಿಂದ ನನ್ನ ಕೈ ಒಳಗೆ ತೂರಿಸಿದೆ. ಮುಂಗೈಯ ಹತ್ತಿರ ರಬ್ಬರ್ ಬ್ಯಾಂಡ್. ಮೇಲೆ ಉಳಿದ ಆರೂ ಹೊದಿಸಿದರು. ಸ್ಟುಡಿಯೋಗಳಲ್ಲಿ ಕತ್ತಲ ಚೀಲ ಎಂದು ಒಂದು ಇರುತ್ತದೆ, ಅದಕ್ಕೂ ಎರಡು ತೋಳು. ಅದನ್ನು ಯಾರೋ ಅಬಾಯ ನೋಡಿಯೇ ಹೊಲಿದಿರಬೇಕು ಎಂದು ನನಗೆ ಮೊದಲಿನಿಂದ ಗುಮಾನಿ.

ಒಳಗೆ ಕೈ ಮಾತ್ರ ಇತ್ತು, ಕಣ್ಣು ಇರಲಿಲ್ಲ. ಬೆವರಿದ ಬೆರಳು ರೀಲಿಗೆ ತಾಗಿದರೆ ಕಲೆ, ಹಾಗಾಗಿ ಮೊದಲೇ ಟಿಶ್ಯೂವಿನಲ್ಲಿ ಉಜ್ಜಿ ಒಣಗಿಸಿದ್ದೆ. ಬಾಗಿಲ ಕೊಂಡಿ ಸಿಕ್ಕಿತು. ತೆರೆದೆ. ರೀಲಿನ ಅಂಚು ಬೆರಳಿಗೆ ಬಂತು, ತೂತು, ತೂತು, ತೂತು. ಮೋಟರು ಬಿಗಿಯಾಗಿ ಕಚ್ಚಿ ಹಿಡಿದಿತ್ತು, ಬಿಡುವುದಿಲ್ಲ ಎಂದು. ನೀನು ಸತ್ತಿದ್ದೀಯ, ಬಿಡು ಎಂದೆ. ಮೆಲ್ಲ ಸಡಿಲಿಸಿ ಡಬ್ಬಿಯನ್ನು ಗೂಡಿನಿಂದ ಎತ್ತಿ, ಅದರ ತಲೆಯ ಚಿಕ್ಕ ಗುಬುಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಲು ಶುರು ಮಾಡಿದೆ. ಕಾಲು ತಿರುಗು, ಮತ್ತೆ ಕಾಲು ತಿರುಗು. ಅಕ್ಕಪಕ್ಕದ ಹೆಂಗಸರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಒಬ್ಬಳು ನನ್ನ ಬಾಯಿಗೆ ಖರ್ಜೂರ ಇಟ್ಟಳು, ಇನ್ನೊಬ್ಬಳು ಹಣೆಯ ಬೆವರು ಒರೆಸಿದಳು. ಅತ್ತ ಹಾಲಿನ ನಡುವೆ ನನ್ನ ಕ್ಯಾಮರಾದ ಸದ್ದು ಕೇಳಿಸುತ್ತಿತ್ತು. ಕ್ಲಕ್, ಲಿವರ್. ಕ್ಲಕ್, ಲಿವರ್. ಹುಡುಗಿಯ ಕೈ ಮೊದಲು ಹೆದರಿತ್ತು, ಆಮೇಲೆ ತಾಳಕ್ಕೆ ಬಂತು. ನಾನು ರೀಲು ತಿರುಗಿಸುತ್ತಾ ಅದನ್ನೂ ಎಣಿಸಿದೆ.

ಅವಳದ್ದು ಮೂವತ್ತಾರು ಆದಾಗ ನನ್ನ ಕೈಯಲ್ಲಿದ್ದ ರೀಲಿನ ಬಾಲ ಡಬ್ಬಿಯೊಳಗೆ ಹೋಯಿತು. ಅಬಾಯ ಬಿಚ್ಚಿ ಡಬ್ಬಿಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದೆ. ತಲೆಯ ಮೇಲೆ ಒಂದು ಅಬಾಯ ಇನ್ನೂ ಹಾಗೇ ಇತ್ತು, ಬಾಯಲ್ಲಿ ಖರ್ಜೂರದ ಬೀಜ. ಹುಡುಗಿ ನನ್ನನ್ನು ನೋಡಿ ನಗುತ್ತಾ, ಲಿವರ್ ಎಳೆದು, ನನ್ನ ಕಡೆಗೇ ತಿರುಗಿಸಿ ಕ್ಲಕ್ ಎಂದು ಒತ್ತಿದಳು. ಮತ್ತೆ ಲಿವರ್ ಎಳೆಯಲು ಹೋದಳು. ಅದು ನಿಂತಿತು.

ತಾಯಿ ಅವಳ ಪಕ್ಕದಲ್ಲೇ ಇದ್ದರು. ಕೈ ಚಾಚಿ ಕೇಳಿದರು, “ಖಲಾಸ್?”

ಎದ್ದು ಓಡೋಣ ಎಂದರೆ ಎರಡೂ ಕಾಲು ಮರಗಟ್ಟಿವೆ. ಹುಡುಗಿ ಬಾಯಿ ತೆರೆದು “ಖ...” ಎನ್ನುವಷ್ಟರಲ್ಲಿ ನಾನು ಆ ಮೂಲೆಯಿಂದ, ಬೀಜ ಉಗುಳಿ, ಹಾಲ್ ಅದುರುವ ಹಾಗೆ ಕಿರುಚಿದೆ: “ಖಲಾಸ್ ಹೇಳಬೇಡ! ಸುತ್ತುವ ಮೊದಲು ಖಲಾಸ್ ಹೇಳಬೇಡ! ಅಡಿಯ ಗುಂಡಿ ಒತ್ತು, ಸುತ್ತು, ಸುತ್ತು!”

ಕೊಂಕಣಿಯಲ್ಲಿ ಕಿರುಚಿದ್ದು. ಅಲ್ಲಿ ಒಬ್ಬರಿಗೂ ತಿಳಿಯದು. ಆದರೆ ಇಡೀ ಹಾಲ್ ನನ್ನ ಕಡೆ ತಿರುಗಿತು. ತಾಯಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು, ಬಿಸಿ ತಾಗಿದ ಹಾಗೆ. ಹುಡುಗಿ ಗುಂಡಿ ಹುಡುಕಿ ಒತ್ತಿ, ಹಿಡಿ ಬಿಡಿಸಿ ಸುತ್ತತೊಡಗಿದಳು. ಆ ಕರಕರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಹಿಡಿ ಸಡಿಲವಾಗಿ ಗಿರಗಿರನೆ ತಿರುಗಿತು. ಆಗ ನಾನೇ ಹೇಳಿದೆ, ಮೆತ್ತಗೆ, “ಖಲಾಸ್.” ಮೊದಲು ಮದುಮಗಳು ನಕ್ಕಳು. ಆಮೇಲೆ ಎಲ್ಲರೂ. ಎರಡು ರೀಲುಗಳನ್ನೂ ತಾಯಿಯ ಅಂಗೈಯಲ್ಲಿ ಇಟ್ಟೆವು. ಅವರು ಬೆರಳು ಮಡಚಿದರು.

ಅದಾದ ಮೇಲೆ ಹದಿನೇಳು ದಿನ ಸುದ್ದಿಯೇ ಇಲ್ಲ. ಹುಡುಗಿ ದಿನಾ ಸ್ಟುಡಿಯೋಕ್ಕೆ ಹೋಗಿ ಮೇಡಂ ಮುಖ ನೋಡಿ ಬರುತ್ತಿದ್ದಳು. ಅಳಿಯ ಸತ್ತ ಕ್ಯಾಮರಾವನ್ನು ಬಿಚ್ಚಿ, ಊದಿ, ಅಕ್ಕಿ ಡಬ್ಬದಲ್ಲಿ ಹೂತು, ತೆಗೆದು, ಮತ್ತೆ ಬಿಚ್ಚಿದ. ಅದು ಏಳಲಿಲ್ಲ. ನಾನು ಹೊರಗೆ ಜೋರಾಗಿ ಮಾತಾಡುತ್ತಿದ್ದರೂ ಒಳಗೆ ಹೆದರಿದ್ದೆ. ಅಬಾಯದ ಹೊಲಿಗೆಯಲ್ಲಿ ಬೆಳಕು ನುಗ್ಗಿದ್ದರೆ? ಭಾನುವಾರಗಳಲ್ಲಿ ಬಂಗುಡೆ ಗಸಿ ಹೇಳುವಾಗ ನನ್ನ ನಾಲಿಗೆಯೇ ತೊದಲುತ್ತಿತ್ತು.

ಇವತ್ತು ಫೋನಿನಲ್ಲಿ ಆ ತಾಯಿ ಹೇಳಿದರು, ಇಪ್ಪತ್ತೆರಡರಲ್ಲಿ ಕೊನೆಯ ಒಂದರ ಮೂಲೆಯಲ್ಲಿ ಮಾತ್ರ ಸ್ವಲ್ಪ ಬೆಳಕು ತಾಗಿದೆ, ಅಲ್ಲಿ ಸೂರ್ಯ ಹುಟ್ಟಿದ ಹಾಗೆ ಕಾಣುತ್ತದೆ, ಮಗಳಿಗೆ ಅದೇ ಎಲ್ಲಕ್ಕಿಂತ ಇಷ್ಟ ಎಂದು. ಸಂಜೆ ಅವರ ಡ್ರೈವರ್ ಬಂದು ಒಂದು ದೊಡ್ಡ ಡಬ್ಬ ಹಲ್ವಾ ಮತ್ತು ಒಂದು ಲಕೋಟೆ ಕೊಟ್ಟುಹೋದ. ಲಕೋಟೆಯಲ್ಲಿ ಒಂದೇ ಒಂದು ಫೋಟೋ, ಅದರ ಪುಟ್ಟ ನೆಗೆಟಿವ್ ಕತ್ತರಿಸಿ ಜೊತೆಗಿಟ್ಟಿದ್ದರು. ಮೂವತ್ತೇಳನೆಯದು. ಅವರ ಮನೆಯ ಹೆಂಗಸರು ಯಾರೂ ಇಲ್ಲದ ಫೋಟೋ ಅದೊಂದೇ ತಾನೆ. ಕಪ್ಪು ಬಟ್ಟೆಯ ಗುಡ್ಡ, ಅದರ ಮೇಲೆ ನನ್ನ ಮುಖ, ಎತ್ತಿದ ಮುಷ್ಟಿ. ಚುನಾವಣೆ ಗೆದ್ದವರ ಹಾಗೆ ಕಾಣುತ್ತೇನೆ.

ಈಗ ಅಳಿಯನಿಗೆ ಬಾಕಿ ಇದ್ದ ಉತ್ತರ. ಹೌದು ಮಾರಾಯ, ಬುರೈಮಿಯ ರೀಲು ನಿನ್ನ ಎಲೆಕ್ಟ್ರಾನಿಕ್‌ನಲ್ಲಿ ಉಳಿಯುತ್ತಿತ್ತು. ಅವತ್ತು ತಪ್ಪಿದ್ದು ನಾನು, ನನ್ನ ಕ್ಯಾಮರಾ ಅಲ್ಲ. ನನ್ನನ್ನು ಒಂದು ವಾರ ಕತ್ತಲೆಯಲ್ಲಿ ಕೂರಿಸಿ ರಿಪೇರಿ ಮಾಡಲಾಯಿತು. ನಿನ್ನದನ್ನು ಯಾರು ಕೂರಿಸುತ್ತಾರೆ? ನನ್ನದಕ್ಕೆ ಕಾಯಿಲೆ ಬಂದರೆ ಮೊದಲೇ ಕೆಮ್ಮುತ್ತದೆ, ಕಿವಿಗೆ ಕೇಳುತ್ತದೆ. ನಿನ್ನದು ಇಪ್ಪತ್ತೆರಡನೆಯ ಫೋಟೋದವರೆಗೆ ನಕ್ಕುಕೊಂಡಿದ್ದು ಅಜ್ಜಿ ಮುತ್ತು ಕೊಡುವಾಗಲೇ ಕಣ್ಣು ಮುಚ್ಚಿತು. ಸತ್ತ ಮೇಲೂ ರೀಲು ಬಿಡಲಿಲ್ಲ! ಇದನ್ನು ನಾನು ಊಟಕ್ಕೆ ಕೂತಾಗ ಅವನ ಮುಖದ ಮೇಲೇ ಹೇಳಿದೆ.

ಅವನು ಕೆಲಸದ ಬಟ್ಟೆಯಲ್ಲೇ ಕೂತಿದ್ದ. ಮಗಳು ನಮ್ಮ ಇಡ್ಲಿಯಂಥ ಸಣ್ಣಾಂ ಬೇಯಿಸಿದ್ದಳು, ಬಂಗುಡೆ ಗಸಿ ಮಾಡಿದ್ದಳು, ನಡುವೆ ಹಲ್ವಾದ ಡಬ್ಬ. ಫೋಟೋವನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ಇಟ್ಟಿದ್ದೆವು. ಅಳಿಯ ಕೈ ತೊಳೆದು ಬಂದು ಅದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದ.

“ಮಾಂಯ್,” ಎಂದ, “ಸ್ವಲ್ಪ ಶೇಕ್ ಆಗಿದೆ.”

“ಅದು ಕ್ಯಾಮರಾ ಅಲ್ಲ, ನಾನು ನಗುತ್ತಿದ್ದೆ,” ಎಂದಳು ಮೊಮ್ಮಗಳು. ಕೊಂಕಣಿಯಲ್ಲಿ ಹೇಳಿದಳು! ಅಳಿಯ ಫೋಟೋವನ್ನು ಮೊದಲಿನ ಹಾಗೇ ಒರಗಿಸಿಟ್ಟು, ನನ್ನ ಬಟ್ಟಲಿಗೆ ದೊಡ್ಡ ಬಂಗುಡೆಯನ್ನೇ ಹಾಕಿದ. ಸೋತೆ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ. ನನಗೆ ಬಂಗುಡೆ ಸಾಕು.

ನಾಲ್ವರೂ ಕೈಯೆಲ್ಲ ಗಸಿ ಮಾಡಿಕೊಂಡು ತಿಂದೆವು. ಹುಡುಗಿ ಮುಂದಿನ ಮದುವೆಯ ಮಾತಾಡುತ್ತಿದ್ದಳು, ಆ ಮನೆಯ ಎರಡನೇ ಮಗಳದ್ದು, ಎರಡು ರೀಲು ಸಾಕಾ ಮೂರು ಬೇಕಾ ಎಂದು. ಮಗಳು ಸಣ್ಣಾಂ ಪಾತ್ರೆಯ ಮುಚ್ಚಳ ಎತ್ತಿ ಒಳಗೆ ಇಣುಕಿ ನಮ್ಮನ್ನು ಕೇಳಿದಳು:

“ಖಲಾಸಾ?”

“ಇಲ್ಲ!” ಎಂದೆವು ಮೂವರೂ ಒಟ್ಟಿಗೆ, ಮತ್ತು ನಾನು ಬಟ್ಟಲು ಮುಂದೆ ಹಿಡಿದೆ.